ಓದಿ ಹೇಳಿ ಹಾಕಿಸಿದ ಹೆಬ್ಬೆಟ್ಟು

ಅಕ್ಕನಿಗೆ ನಾನು ಓದಿ ಹೇಳಿದ್ದು ಸುಳ್ಳು. ಕಾಗದದಲ್ಲಿ ‘ಮೂರು ವರ್ಷ’ ಎಂದಿತ್ತು. ನಾನು ‘ಮೂರು ತಿಂಗಳು’ ಎಂದು ಓದಿದೆ. ಕಾಗದದಲ್ಲಿ ‘ಪೂರ್ವ ಆಫ್ರಿಕಾ’ ಎಂದಿತ್ತು. ನಾನು ‘ಮದ್ರಾಸು’ ಎಂದು ಓದಿದೆ. ಕೊನೆಯ ಸಾಲನ್ನು — ನಮ್ಮ ಕಣ್ಣಿಲ್ಲದ ತಂದೆಯ ಹೊಣೆಯನ್ನು ಅಷ್ಟೂ ಕಾಲ ತಾನೊಬ್ಬಳೇ ಹೊರುವುದಾಗಿ ಅವಳು ಒಪ್ಪಿದ್ದಾಳೆ ಎಂಬ ಸಾಲನ್ನು — ಓದಲೇ ಇಲ್ಲ. ಆಮೇಲೆ ಅವಳ ಎಡಗೈ ಹೆಬ್ಬೆರಳನ್ನು ನಾನೇ ಹಿಡಿದು ಒತ್ತಿಸಿದೆ. ಅದರ ಕೆಳಗೆ ನನ್ನ ಕೈಬರಹದಲ್ಲಿ ಹೀಗೆ ಬರೆದು ಸಹಿ ಮಾಡಿದೆ: ‘ಮೇಲಿನ ಒಕ್ಕಣೆಯನ್ನು ಓದಿ ಹೇಳಿ, ಅರ್ಥ ಮಾಡಿಸಿ, ಗುರುತು ಹಾಕಿಸಿದ್ದೇನೆ.’

ಮುಂದೆ ನನ್ನ ಉದ್ಯೋಗವೇ ಹಳೆಯ ದಾಖಲೆಗಳ ಸತ್ಯಾಸತ್ಯವನ್ನು ನಿರ್ಣಯಿಸುವುದಾಯಿತು. ದಾನಪತ್ರ, ಕ್ರಯಪತ್ರ, ದೇವಾಲಯದ ಕಡತ — ಯಾವುದನ್ನೂ ಇನ್ನೊಂದು ಆಧಾರದೊಡನೆ ತಾಳೆ ನೋಡದೆ ನಾನು ಒಪ್ಪಿದವನಲ್ಲ. ಆದರೆ ನನ್ನ ಕೈಯಿಂದಲೇ ಹುಟ್ಟಿದ ಆ ಒಂದು ಕಾಗದವನ್ನು ಮಾತ್ರ ತಾಳೆ ನೋಡಲು ನಿವೃತ್ತಿಯ ನಂತರದ ಈ ದಿನಗಳವರೆಗೆ ಧೈರ್ಯ ಬರಲಿಲ್ಲ.

ಅರವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಬಳ್ಳಾರಿಯ ಒಂದು ಶಾಲೆಯಲ್ಲಿ ಮೇಷ್ಟ್ರು. ಕೋಟೆ ಗುಡ್ಡದ ಕೆಳಗಿನ ನಮ್ಮ ಕ್ರೈಸ್ತ ಸಭೆಯಲ್ಲಿ ಭಾನುವಾರದ ಪಾಠಗಳನ್ನೂ ಹೇಳುತ್ತಿದ್ದೆ. ಹೊರದೇಶದ ಸೇವೆಗೆ ಒಬ್ಬ ಯುವಕನನ್ನು ಕಳಿಸಬೇಕೆಂದು ಸಭೆ ನಿರ್ಧರಿಸಿದಾಗ ಇಬ್ಬರ ಹೆಸರು ಬಂತು. ನಾನೊಬ್ಬ, ಇನ್ನೊಬ್ಬ ನನಗಿಂತ ಒಳ್ಳೆಯ ಹಾಡುಗಾರ. ಒಂದು ವರ್ಷ ಇಬ್ಬರನ್ನೂ ಅಣಿಗೊಳಿಸಿದರು. ಬುಧವಾರ ಸಂಜೆ ಪಾದ್ರಿಯವರ ವರಾಂಡದಲ್ಲಿ ಬೈಬಲ್ ಅಧ್ಯಯನ, ಶುಕ್ರವಾರ ಸ್ವಾಹಿಲಿ ಭಾಷೆಯ ಪಾಠ. ಕಲಿಸಲು ಆ ಭಾಷೆ ಬಲ್ಲವರು ಯಾರೂ ಇರಲಿಲ್ಲ. ರಟ್ಟು ಹರಿದ ಒಂದು ವ್ಯಾಕರಣ ಪುಸ್ತಕವಿತ್ತು, ಅಷ್ಟೆ. ಬಾವಿಯ ಕಟ್ಟೆಯ ಮೇಲೆ ಕುಳಿತು ಆ ಪದಗಳನ್ನು ನಾನು ಗಟ್ಟಿಯಾಗಿ ಉರು ಹೊಡೆಯುತ್ತಿದ್ದೆ. ದೇವರು ಕರೆದಿದ್ದಾನೆ ಎಂದು ನಿಜವಾಗಿಯೂ ನಂಬಿದ್ದೆ. ಈಗಲೂ ಅದನ್ನು ಸುಳ್ಳೆನ್ನಲಾರೆ. ಕರೆ ನಿಜವಿದ್ದೂ ನಾನು — ಇರಲಿ.

ಸೇವೆಗೆ ಕಳಿಸುವ ಸಭೆಯ ಸಮಿತಿಯದೊಂದು ನಿಯಮವಿತ್ತು. ಮನೆಯಲ್ಲಿ ಅವಲಂಬಿತರಿದ್ದರೆ, ಅವರನ್ನು ನೋಡಿಕೊಳ್ಳುವವರ ಲಿಖಿತ ಒಪ್ಪಿಗೆಯಿಲ್ಲದೆ ಯಾರನ್ನೂ ಕಳಿಸುವಂತಿಲ್ಲ.

ನಮ್ಮ ತಂದೆಗೆ ಎರಡೂ ಕಣ್ಣು ಹೋಗಿದ್ದವು. ತಾಯಿ ನಾನು ಆರು ವರ್ಷದವನಿದ್ದಾಗಲೇ ತೀರಿಕೊಂಡಿದ್ದಳು. ಅಂದಿನಿಂದ ಮನೆ ನಡೆಸಿದವಳು ನನಗಿಂತ ಎಂಟು ವರ್ಷ ದೊಡ್ಡವಳಾದ ಅಕ್ಕ ದೀನಮ್ಮ. ಸಿರುಗುಪ್ಪದ ಒಂದು ಅಕ್ಕಿ ಗಿರಣಿಯ ಕಣದಲ್ಲಿ ಕುದಿಸಿದ ಭತ್ತವನ್ನು ಹರವಿ, ಕಾಲಿನಿಂದ ತಿರುವಿ ಒಣಗಿಸುವುದು ಅವಳ ಕೆಲಸ. ಅವಳ ಅಂಗಾಲು ಸುಟ್ಟು ಸುಟ್ಟು ಚರ್ಮ ಕೊರಡಿನಂತಾಗಿತ್ತು. ಆ ಕಾಲಿನ ಮೇಲೆ ನಾನು ಬಿ.ಎ. ಮುಗಿಸಿದೆ. ಮೂವತ್ತೆರಡು ದಾಟಿದ ಮೇಲೆ ಅವಳಿಗೊಂದು ಸಂಬಂಧ ಕೂಡಿಬಂದಿತ್ತು. ಕುರುಗೋಡಿನ ಸಂತೆಬೀದಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ದಾನಪ್ಪ. ಮಾತು ಕಡಿಮೆ, ಕೊರಳಲ್ಲಿ ಸದಾ ಅಳತೆಯ ಟೇಪು. ಅವನ ತಾಯಿ ಹಾಕಿದ್ದು ಒಂದೇ ಷರತ್ತು: ಕುರುಡ ಬೀಗರನ್ನು ಒಂದೇ ಕೋಣೆಯ ತಮ್ಮ ಮನೆಗೆ ತರುವಂತಿಲ್ಲ. ಅದಕ್ಕೆ ನಾನೇ ಮಾತು ಕೊಟ್ಟಿದ್ದೆ — ಮದುವೆಯಾದ ದಿನವೇ ಅಪ್ಪನನ್ನು ಬಳ್ಳಾರಿಗೆ ಕರೆದೊಯ್ಯುತ್ತೇನೆ ಎಂದು.

ಹೀಗಿರುವಾಗ ಸಮಿತಿಯವರು ಇಂಗ್ಲಿಷಿನಲ್ಲಿ ಟೈಪು ಮಾಡಿದ ಒಪ್ಪಿಗೆ ಪತ್ರವನ್ನು ನನ್ನ ಕೈಗಿತ್ತರು. ಅಕ್ಕ ಬೇಡವೆನ್ನುತ್ತಾಳೆಂಬ ಭಯ ನನಗಿರಲಿಲ್ಲ. ಅದನ್ನು ಸ್ಪಷ್ಟವಾಗಿ ಬರೆಯಬೇಕು. ‘ಒಂದ್ ವರ್ಷ ತಡಿಯಪ’ ಎನ್ನುತ್ತಾಳೆ — ಅಷ್ಟೇ ನನ್ನ ಭಯ. ಒಂದು ವರ್ಷ ತಡೆದರೆ ಆ ಹಾಡುಗಾರ ಹೋಗುತ್ತಿದ್ದ.

ಕಾಗದ ಹಿಡಿದು ನಾನು ಗಿರಣಿಗೆ ಹೋದಾಗ ಊಟದ ಬಿಡುವು. ಮಸಿಯ ದಿಂಬು ಬೇಕೆಂದು ಗುಮಾಸ್ತ ನರಸಿಂಹಲು ಅವರನ್ನು ಕೇಳಿದೆ. ಅವರು ನಗುತ್ತ, “ಏನ್ ಬೇ ದೀನಮ್ಮ, ಆಸ್ತಿ ಬರಕೊಡಾಕ ಹತ್ತಿಯೇನು ತಮ್ಮಗ?” ಎಂದರು.

“ಆಸ್ತಿ ಎಲ್ಲೈತ್ರಿ? ನನ್ನ ಆಸ್ತಿ ಅಂದ್ರ ಇದ ನೋಡ್ರಿ, ಅಂಗಿಗೆ ಇಸ್ತ್ರಿ ಮಾಡ್ಕೊಂಡು ನಿಂತೈತಿ,” ಎಂದಳು ಅಕ್ಕ.

“ಓದಿಸಿ ಹಾಕಬೇ. ಸುಮ್ನ ಒತ್ತಿಬಿಟ್ಟೀ.”

“ಅವ ಓದಿದ್ರ ನಾ ಓದಿದಂಗ ಆತ್ರಿ. ಲೇ ಮೇಷ್ಟ್ರ, ಓದು. ಗಂಟಿ ಹೊಡೀತಾರ ಈಗ.”

ನಾನು ಓದಿದೆ. ನಿಧಾನವಾಗಿ, ಕಾಗದದ ಮೇಲೆ ಬೆರಳಿಟ್ಟು, ಇಲ್ಲದ ಸಾಲುಗಳನ್ನು ಓದಿದೆ. ಮೂರು ತಿಂಗಳ ತರಬೇತಿ, ಮದ್ರಾಸು, ಅಲ್ಲಿಯವರೆಗೆ ಅಪ್ಪ ಅಕ್ಕನ ಹತ್ತಿರ. ಅವಳು ಲೆಕ್ಕ ಹಾಕಿದಳು — ಮದುವೆಗೆ ನಾಲ್ಕು ತಿಂಗಳಿತ್ತು. “ಅಷ್ಟೊತ್ತಿಗೆ ಬಂದಿರ್ತಿ,” ಎಂದಳು. ಪ್ರಶ್ನೆಯೂ ಆಗಿರಲಿಲ್ಲ ಅದು. ಬೆರಳಿಗೆ ಹತ್ತಿದ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು ಮತ್ತೆ ಕಣಕ್ಕೆ ಇಳಿದಳು.

ಸಿರುಗುಪ್ಪದ ನಮ್ಮ ಚಿಕ್ಕ ಸಭೆಯಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಪ್ರಕಟಣೆ ಓದುವ ಪದ್ಧತಿಯಿತ್ತು: ಇಂಥವರಿಗೂ ಇಂಥವರಿಗೂ ಮದುವೆ ನಿಶ್ಚಯವಾಗಿದೆ, ಅಡ್ಡಿಯಿದ್ದವರು ತಿಳಿಸಿರಿ ಎಂದು. ಮೂರೂ ಸಲ ಓದಿ ಮುಗಿದರೆ ಆ ಮದುವೆ ಅರ್ಧ ಆದಂತೆಯೇ. ತಮ್ಮ ಮದ್ರಾಸಿಗೆ ಹೊರಡುವ ಮೊದಲೇ ಈ ಶಾಸ್ತ್ರ ಮುಗಿಯಲಿ, ಅವನ ಕಿವಿಗೂ ಬೀಳಲಿ ಎಂದು ಅಕ್ಕನೇ ಹಟ ಹಿಡಿದು ಅದನ್ನು ಬೇಗ ಶುರು ಮಾಡಿಸಿದ್ದಳು.

ಎರಡನೆಯ ಪ್ರಕಟಣೆಯ ಭಾನುವಾರ ಸಂಜೆ ಬಳ್ಳಾರಿಯಲ್ಲಿ ನನ್ನನ್ನು ಕಳುಹಿಸಿಕೊಡುವ ಆರಾಧನೆ. ಅವಳನ್ನು ನಾನು ಕರೆದಿರಲಿಲ್ಲ, ಪಾದ್ರಿಯವರೇ ಹೇಳಿಕಳಿಸಿದ್ದರು. ಅಪ್ಪನ ಕೈ ಹಿಡಿದು ಅವಳು ಬಸ್ಸಿಳಿದು ಬಂದಳು. ಕುರುಗೋಡಿನಿಂದ ದಾನಪ್ಪನೂ ಅವನ ತಾಯಿಯೂ ಬಂದಿದ್ದರು. ಆ ಒಪ್ಪಿಗೆ ಪತ್ರವನ್ನು ಎಲ್ಲರೆದುರು ಓದುವುದನ್ನು ತಡೆಯಲು ನನಗೆ ಇಡೀ ಒಂದು ಗಂಟೆಯಿತ್ತು. ಹಾಡಿನ ಪುಸ್ತಕಗಳನ್ನು ಬೆಂಚುಗಳ ಮೇಲೆ ಜೋಡಿಸುತ್ತ ಅದನ್ನು ಕಳೆದೆ.

ಪಾದ್ರಿಯವರು ಆ ಕಾಗದವನ್ನು ಎತ್ತಿ ಹಿಡಿದು, ಸಾಲು ಸಾಲಾಗಿ ಕನ್ನಡದಲ್ಲಿ ಓದಿದರು. ಮೂರು ವರ್ಷ. ಸಮುದ್ರದಾಚೆ. ತಂದೆಯ ಹೊಣೆ. “ಇಂಥ ಸಹೋದರಿಯನ್ನು ನಾನು ಕಂಡಿಲ್ಲ. ಎದ್ದು ನಿಲ್ಲಮ್ಮಾ. ಮನಸಾರೆ ಕೊಟ್ಟಿದ್ದೀಯಾ?” ಎಂದು ಕೇಳಿದರು.

ಅಕ್ಕ ಎದ್ದಳು. ನನ್ನ ಕಡೆ ನೋಡಿದಳು. ಆ ನೋಟ ಎಷ್ಟು ಹೊತ್ತಿನದು ಎಂದು ಇಂದಿಗೂ ನಿರ್ಧರಿಸಲಾರೆ — ಯಾವ ದಾಖಲೆಯಲ್ಲೂ ಇಲ್ಲದ ಅವಧಿ ಅದು. ಎದ್ದು ನಿಂತು ‘ಇವಳಿಗೆ ಗೊತ್ತಿಲ್ಲ’ ಎನ್ನಲು ಬೇಕಾಗಿದ್ದುದು ಒಂದೇ ಉಸಿರು. ನನ್ನ ನಾಲಿಗೆ — ಇಲ್ಲ, ನಾಲಿಗೆಯ ಮೇಲೆ ಹಾಕಬಾರದು. ನಾನು ಸುಮ್ಮನಿದ್ದೆ.

“ಹೌದ್ರಿ ಅಯ್ಯಾರ,” ಎಂದಳು. “ಎಲ್ಲಾ ಓದಿ ಹೇಳ್ಯಾನ್ರಿ ನನಗ. ಮನಸಾರೆ ಕೊಟ್ಟೀನಿ.”

ಸಭೆ ಹಾಡತೊಡಗಿತು. ಅಪ್ಪ ಮಾತ್ರ ಹಾಡದೆ, ಪಕ್ಕದಲ್ಲಿ ಅಕ್ಕನ ಕೈಗಾಗಿ ತಡಕಾಡುತ್ತಿದ್ದ.

ಹೊರಗೆ, ಗೇಟಿನ ಬಳಿ, ದಾನಪ್ಪನ ತಾಯಿ ಅವಳನ್ನು ನಿಲ್ಲಿಸಿದಳು. “ದೇವರಿಗೆ ತಮ್ಮನ್ನ ಕೊಟ್ಟಿ, ಚಲೋ ಆತು. ನಮಗೇನ್ ಕೊಡ್ತಿ ಬೇ? ನಿಮ್ಮಪ್ಪನ್ನೇನು?” ದಾನಪ್ಪ ಟೇಪನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ನಿಂತಿದ್ದ. ಅಕ್ಕ ಅಪ್ಪನ ಕೈ ಹಿಡಿದು ರಸ್ತೆಗೆ ಇಳಿದಳು. ಬಸ್ ನಿಲ್ದಾಣದವರೆಗೆ ನಾನು ಜೊತೆಗೆ ಹೋದೆ. ದಾರಿಯುದ್ದಕ್ಕೂ ಅವಳು ಆಡಿದ್ದು ಒಂದೇ ಮಾತು: “ಲೇ, ಅಲ್ಲಿ ಚಳಿ ಇರ್ತೈತೇನು? ಸ್ವೆಟರ್ ಬೇಕಾಕೈತಾ?”

ಮುಂಬಯಿಯಿಂದ ಹಡಗು ಹತ್ತಿದೆ. ಒಳನಾಡಿನ ಒಂದು ಊರಿನ ಶಾಲೆಯಲ್ಲಿ ಗಣಿತ ಕಲಿಸಿದೆ, ಭಾನುವಾರಗಳಲ್ಲಿ ಹಳ್ಳಿಗಳಿಗೆ ಹೋದೆ. ಕೆಲಸವನ್ನು ಪ್ರಾಮಾಣಿಕವಾಗಿಯೇ ಮಾಡಿದೆ. ಮೂರು ಸಲ ಮಲೇರಿಯಾ ಬಂತು. ಬಾವಿಕಟ್ಟೆಯಲ್ಲಿ ಕಲಿತ ನನ್ನ ಸ್ವಾಹಿಲಿ ಕೇಳಿ ಮಕ್ಕಳು ಬೆಂಚಿನ ಕೆಳಗೆ ತಲೆ ಹಾಕಿ ನಗುತ್ತಿದ್ದರು. ಆದರೆ ಒಂದು ಕಥೆಯನ್ನು ಮಾತ್ರ ನಾನು ಎಲ್ಲಿಯೂ ತಡವರಿಸದೆ ಹೇಳುತ್ತಿದ್ದೆ: ತನ್ನ ಸುಖವನ್ನು ಬದಿಗಿಟ್ಟು ತಮ್ಮನನ್ನು ಸೇವೆಗೆ ಕೊಟ್ಟ ಅಕ್ಕನ ಕಥೆ. ಕೇಳಿದವರು ಕಣ್ಣೊರೆಸಿಕೊಳ್ಳುತ್ತಿದ್ದರು. ಒಮ್ಮೆ ಒಬ್ಬ ಮುದುಕಿ ಆರಾಧನೆಯ ನಂತರ ನನ್ನ ಕೈ ಹಿಡಿದು ಕೇಳಿದಳು: “ನಿನ್ನ ಅಕ್ಕನಿಗೆ ಈಗ ಮಕ್ಕಳೆಷ್ಟು?” ಭಾಷೆ ತಿಳಿಯದವನಂತೆ ನಟಿಸಿದೆ.

ಅಕ್ಕನ ಕಾಗದಗಳು ಗುಮಾಸ್ತರ ಕೈಬರಹದಲ್ಲಿ ಬರುತ್ತಿದ್ದವು. ಅವಳು ಹೇಳಿದಂತೆಯೇ ಅವರು ಬರೆಯುತ್ತಿದ್ದರು. ಒಂದು ಇನ್ನೂ ನನ್ನ ಬಳಿ ಇದೆ. ‘ಇಲ್ಲಿ ಎಲ್ಲಾ ಚಲೋ ಐತಿ. ಅಪ್ಪಗ ನಾ ಅದೀನಿ. ನೀ ಹೊತ್ತಿಗೆ ಸರಿಯಾಗಿ ಉಣ್ಣು.’ ದಾನಪ್ಪನ ಹೆಸರು ಯಾವುದರಲ್ಲೂ ಇಲ್ಲ. ಎರಡನೆಯ ವರ್ಷ ಅಪ್ಪ ತೀರಿಕೊಂಡ. ಸುದ್ದಿ ನನ್ನನ್ನು ಮುಟ್ಟುವಷ್ಟರಲ್ಲಿ, ಅಂಚೆಯ ಮುದ್ರೆಗಳನ್ನು ನೋಡಿದರೆ, ಮಣ್ಣಾಗಿ ಇಪ್ಪತ್ತಾರು ದಿನ ಕಳೆದಿದ್ದವು.

ಹಿಂತಿರುಗಿ ಬಂದಾಗ ದಾನಪ್ಪನಿಗೆ ಬೇರೆಡೆ ಮದುವೆಯಾಗಿ ಒಂದು ಮಗುವೂ ಆಗಿತ್ತು. ಅಕ್ಕ ಕಣದಲ್ಲೇ ಇದ್ದಳು. ಕೊನೆಯ ವರ್ಷಗಳಲ್ಲಿ, ಕಾಲು ಸೋತ ಮೇಲೆ, ಬಳ್ಳಾರಿಯ ನನ್ನ ಮನೆಗೆ ಬಂದಳು. ಒಮ್ಮೆ ಮಾತ್ರ ನಾನು ಬಾಯಿ ತೆರೆದೆ — ಊಟಕ್ಕೆ ಕುಳಿತಾಗ, “ಅಕ್ಕಾ, ಆ ಕಾಗದ...” ಎಂದೆ. “ಅನ್ನ ಆರತೈತಿ, ಉಣ್ಣು,” ಎಂದಳು. ಕೋಪವಿರಲಿಲ್ಲ. ಕ್ಷಮೆಯೂ ಇರಲಿಲ್ಲ, ಅಥವಾ ಇತ್ತೋ — ಆ ದನಿಯಿಂದ ಏನನ್ನೂ ನಿರ್ಣಯಿಸಲಾರೆ. ಎಂಬತ್ತರ ದಶಕ ಮುಗಿಯುವ ಮೊದಲೇ ಅವಳು ಹೋದಳು.

ಈ ನಡುವೆ ನಾನು ಒಂದು ಸಮಾಧಾನವನ್ನು ಕಟ್ಟಿಕೊಂಡಿದ್ದೆ: ದಾನಪ್ಪನ ಕಡೆಯವರು ಮೊದಲೇ, ಅಕ್ಕನ ವಯಸ್ಸಿನ ನೆಪದಲ್ಲಿ, ಹಿಂದೆ ಸರಿದಿದ್ದರು, ನನ್ನ ಪ್ರಯಾಣಕ್ಕೂ ಅದಕ್ಕೂ ಸಂಬಂಧವಿರಲಿಲ್ಲ ಎಂದು. ಎಷ್ಟೋ ವರ್ಷ ಇದು ನನ್ನ ನೆನಪೇ ಆಗಿಹೋಗಿತ್ತು. ಇತ್ತೀಚೆಗೆ ಸಭೆಯ ಚರಿತ್ರೆ ಬರೆಯಲು ಹಿರಿಯರು ಹಳೆಯ ಕಡತಗಳನ್ನು ನನಗೆ ಒಪ್ಪಿಸಿದರು. ಅವುಗಳಲ್ಲಿ ಸಿರುಗುಪ್ಪದ ಪ್ರಕಟಣೆಯ ಪುಸ್ತಕವಿತ್ತು. ಮೊದಲನೆಯ ಭಾನುವಾರ: ಓದಲಾಗಿದೆ. ಎರಡನೆಯದು: ಓದಲಾಗಿದೆ. ಎರಡನೆಯದರ ತಾರೀಖನ್ನು ಬಳ್ಳಾರಿ ಸಭೆಯ ನಡವಳಿ ಪುಸ್ತಕದೊಡನೆ ತಾಳೆ ನೋಡಿದೆ. ನನ್ನನ್ನು ಕಳುಹಿಸಿಕೊಟ್ಟ ಆರಾಧನೆಯೂ ಅದೇ ದಿನ. ಮೂರನೆಯದರ ಎದುರು ಅಡ್ಡಗೆರೆ: ‘ವರನ ಕಡೆಯವರ ಕೋರಿಕೆಯಂತೆ ನಿಲ್ಲಿಸಿದೆ.’ ಬೆಳಿಗ್ಗೆ ಸಿರುಗುಪ್ಪದಲ್ಲಿ ಅವಳ ಹೆಸರನ್ನು ಮದುಮಗಳೆಂದು ಓದಿದ್ದರು. ಸಂಜೆ ಬಳ್ಳಾರಿಯಲ್ಲಿ ನಾನು ಸುಮ್ಮನೆ ಕುಳಿತಿದ್ದೆ. ನಡುವೆ ಬೇರೆ ಕಾರಣಕ್ಕೆ ಜಾಗವಿಲ್ಲ. ಪಾಸ್‌ಪೋರ್ಟಿನ ಮುದ್ರೆಯನ್ನೂ ನೋಡಿದೆ: ಆ ಮೂರನೆಯ ಭಾನುವಾರ ನಾನಿನ್ನೂ ಈ ದೇಶದಲ್ಲೇ ಇದ್ದೆ. ಹಡಗಿಗೆ ಮತ್ತೂ ಹನ್ನೊಂದು ದಿನವಿತ್ತು.

ಅದೇ ಕಟ್ಟಿನಲ್ಲಿ ಒಪ್ಪಿಗೆ ಪತ್ರವೂ ಸಿಕ್ಕಿತು. ಮಸಿ ಕಂದಿದೆ, ಆದರೆ ಹೆಬ್ಬೆಟ್ಟಿನ ಗೆರೆಗಳು ಸ್ಪಷ್ಟವಾಗಿವೆ. ಒಂದು ಕಡೆ ಭತ್ತದ ಮುಳ್ಳು ಚುಚ್ಚಿದ ಸಣ್ಣ ಗಾಯದ ಗುರುತೂ ಇದೆ. ಚರಿತ್ರೆಯ ಮೊದಲ ಪುಟದಲ್ಲಿ ಅದರ ಚಿತ್ರ ಹಾಕಬೇಕೆಂದು ಹಿರಿಯರು ತೀರ್ಮಾನಿಸಿದ್ದಾರೆ. ಬೇಡವೆಂದೆ. “ಯಾಕ್ರಿ ಸರ? ನಿಮ್ಮ ಅಕ್ಕಾರ ವಿಶ್ವಾಸಕ್ಕ ಇದಕ್ಕಿಂತ ಸಾಕ್ಷಿ ಎಲ್ಲಿ ಸಿಗತೈತಿ?” ಎಂದರು. ಕಾರಣ ಹೇಳಿದೆ, ಇಲ್ಲಿ ಬರೆದಷ್ಟನ್ನೂ ಹೇಳಿದೆ. “ನೀವು ಭಾಳ ಮನಸ್ಸಿಗೆ ಹಚ್ಕೊಂಡೀರಿ ಸರ. ಅವ್ರ ಎಲ್ಲರ ಮುಂದ ಮನಸಾರೆ ಕೊಟ್ಟೀನಿ ಅಂದಾರಲ್ಲ,” ಎಂದರು. ನಡವಳಿ ಪುಸ್ತಕದಲ್ಲಿ ಅವಳ ಮಾತು ಹಾಗೆಯೇ ದಾಖಲಾಗಿದೆ. ನನ್ನ ಸುಳ್ಳನ್ನು ನಿಜ ಮಾಡಿಟ್ಟುಹೋದಳು ಅವಳು. ಅದರ ವಿರುದ್ಧ ನನ್ನ ಬಳಿ ಒಂದೂ ಆಧಾರವಿಲ್ಲ.

ದಾಖಲೆಯನ್ನು ತಿದ್ದುವುದು ಸಂಶೋಧಕನ ಕೆಲಸವಲ್ಲ. ಆದ್ದರಿಂದ ಅದನ್ನು ಮುಟ್ಟಿಲ್ಲ. ಅದಕ್ಕೆ ಒಂದು ಹಾಳೆಯನ್ನು ಸೇರಿಸಿದ್ದೇನೆ: ‘ಮೇಲಿನ ಒಕ್ಕಣೆಯನ್ನು ದೀನಮ್ಮನಿಗೆ ಓದಿ ಹೇಳಲಿಲ್ಲ. ಸುಳ್ಳು ಹೇಳಿ ಗುರುತು ಹಾಕಿಸಿದೆ.’ ಸಹಿ ಮಾಡಿ ಇಂದಿನ ತಾರೀಖು ಹಾಕಿದ್ದೇನೆ. ಎಡಗಡೆ, ಪದ್ಧತಿಯಂತೆ, ಸಾಕ್ಷಿಯ ಸಹಿಗೆ ಜಾಗ ಬಿಟ್ಟಿದ್ದೇನೆ. ಗುಮಾಸ್ತರಿಲ್ಲ, ಪಾದ್ರಿಯವರಿಲ್ಲ, ದಾನಪ್ಪನಿಲ್ಲ. ಆ ಜಾಗ ಹಾಗೆಯೇ ಇದೆ.