ಚೈನ್ ಸತ್ತಿದೆ ಎಂದು ಹೇಳುವ ಮೊದಲು

ಡೀಸೆಲ್ ವಾಸನೆ ಸಾಬೂನಿಗೆ ಜಗ್ಗುವುದಿಲ್ಲ. ಬೆಳಿಗ್ಗೆ ಕೈ ತೊಳೆದು, ಲಿಂಬೆಹಣ್ಣು ತಿಕ್ಕಿ, ಮತ್ತೆ ತೊಳೆದರೂ ಬೆರಳುಗಳು ಇನ್ನೂ ಪೆಟ್ರೋಲ್ ಬಂಕಿನಂತೆ ನಾರುತ್ತಿವೆ. ಕಾರವಾರದ ನಮ್ಮ ಮನೆಯ ಹಿತ್ತಲಲ್ಲಿ ಅಪ್ಪನ ಹಳೇ ಸೈಕಲ್ಲನ್ನು ಬಿಚ್ಚಿ, ಚೈನ್, ಫ್ರೀವೀಲ್‌ಗಳನ್ನು ಡೀಸೆಲ್ಲಿನಲ್ಲಿ ನೆನೆಹಾಕಿ ಕೂತವಳು ನಾನು. ಶಾಲೆಯಲ್ಲಿ ಗಣಿತ ಹೇಳುವ ಬಾಯಿ ಕೆಲಸಕ್ಕಿಂತ ಈ ಕೈ ಕೆಲಸದಲ್ಲಿ ನನಗೆ ಹೆಚ್ಚು ಧೈರ್ಯ. ಜಂಬ ಎನ್ನಿ ಬೇಕಾದರೆ. ನಮ್ಮ ಕೇರಿಯಲ್ಲಿ ಹಳೇ ಚೈನಿನ ಆಯಸ್ಸು ಹೇಳಲು ನನ್ನನ್ನು ಬಿಟ್ಟರೆ ಇನ್ನೊಬ್ಬರಿಲ್ಲ.

ವಿದ್ಯೆ ಅಪ್ಪನದು. ಅಪ್ಪ ಅಂಕೋಲೆಯ ಕಡೆ ಲೈನ್‌ಮನ್ ಆಗಿದ್ದ. ಆಗ ನಮ್ಮ ಮನೆ ಅಲ್ಲಿ ಯಲ್ಲಾಪುರ ರಸ್ತೆಗೆ ತಾಗಿಕೊಂಡಿತ್ತು. ತಂತಿ ಹರಿದ ಕಡೆಗೆಲ್ಲ, ಒಮ್ಮೊಮ್ಮೆ ರಾಮನಗುಳಿಯವರೆಗೂ, ಅವನು ಸೈಕಲ್ಲಿನಲ್ಲೇ ಹೋಗುತ್ತಿದ್ದ. ಆ ರಸ್ತೆಯ ತುಂಬ ಆಗ ಅದಿರಿನ ಲಾರಿಗಳು. ಮರದ ಎಲೆ, ಒಣಹಾಕಿದ ಬಟ್ಟೆ, ನಮ್ಮ ಹುಬ್ಬು ಎಲ್ಲವೂ ಕೆಂಪು. ಆ ಧೂಳು ಚೈನಿನೊಳಗೆ ಹೊಕ್ಕರೆ ಕಬ್ಬಿಣವನ್ನೇ ಅರೆದುಬಿಡುತ್ತಿತ್ತು. ಹಾಗಾಗಿ ರವಿವಾರ ಬಂತೆಂದರೆ ಅಂಗಳದಲ್ಲಿ ಹಳೇ ಪೇಪರ್ ಹಾಸಿ ಅಪ್ಪ ಕೂರುತ್ತಿದ್ದ. ಹಲ್ಲುಜ್ಜಿ ಸವೆದ ಬ್ರಷ್ಷು, ಹರಿದ ಬನಿಯನ್ನು, ಒಂದು ಬೋಗುಣಿ ಚಿಮಣಿ ಎಣ್ಣೆ.

ಒಮ್ಮೆ ಅಮ್ಮ, ನಮ್ಮ ಮಾತಿನಲ್ಲಿ ಆಯಿ, ಅವನ ಕಷ್ಟ ನೋಡಲಾಗದೆ ಚೈನಿಗೆ ತಾನೇ ಎಣ್ಣೆ ಬಿಟ್ಟಿದ್ದಳು, ತೆಂಗಿನೆಣ್ಣೆ. ಕೂದಲು, ಬೀಗ, ಬಾಗಿಲ ಕೀಲು, ನೋಯುವ ಮೊಣಕಾಲು, ಯಾವುದಕ್ಕೂ ಆಯಿಯ ಬಳಿ ಅದೊಂದೇ ಮದ್ದು. ಎರಡು ದಿನ ಚೈನ್ ರೇಷ್ಮೆಯಂತೆ ಓಡಿತು. ಮೂರನೆಯ ದಿನ ಎಣ್ಣೆಯೂ ಅದಿರಿನ ಧೂಳೂ ಕಲೆತು ಹಲ್ವದಂತೆ ಗಟ್ಟಿಯಾಯಿತು. "ಇದನ್ನ ತಟ್ಟೆಗೆ ಸುರಿದು ತುಂಡು ಮಾಡೂದೊಂದು ಬಾಕಿ" ಎಂದ ಅಪ್ಪ. ಆಯಿ ಇಡೀ ದಿನ ಮಾತು ಬಿಟ್ಟಳು.

ತೊಳೆದ ಮೇಲೆ ಪರೀಕ್ಷೆ. ಮುಂದಿನ ಹಲ್ಲಿನ ಚಕ್ರದ ಮೇಲೆ ಕೂತ ಚೈನನ್ನು ಬೆರಳಿನಿಂದ ಮುಂದಕ್ಕೆ ಎಳೆಯಬೇಕು. ಎದ್ದು ಬಂದು ಹಲ್ಲು ಕಂಡರೆ ಚೈನ್ ಸತ್ತಿದೆ. ಹಲ್ಲುಗಳು ಚೂಪಾಗಿ ಒಂದೇ ಕಡೆಗೆ ವಾಲಿದ್ದರೆ ಚಕ್ರವೂ ಮುಗಿಯಿತು. ಹಿಂದಿನ ಗಾಲಿಯ ಹಲ್ಲಿನ ಚಕ್ರ ಫ್ರೀವೀಲು; ಅದನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸಬೇಕು. ಟಿಕ್ ಟಿಕ್ ಒಂದೇ ಸಮ ಬಂದರೆ ಸರಿ; ನಡುವೆ ಒಂದು ತಪ್ಪಿದರೂ ನಂಬಬಾರದು. "ನೀ ನೋಡು, ನೀ ಹೇಳು" ಎಂದು ಅಪ್ಪ ನನ್ನ ಕೈಗೆ ಕೊಡುತ್ತಿದ್ದ. ನಾನು ಹೇಳಿದ್ದನ್ನು ತಾನೊಮ್ಮೆ ನೋಡಿಯೇ ಒಪ್ಪುತ್ತಿದ್ದ.

ಹತ್ತನೆಯದು ಮುಗಿದಾಗ ನನಗೆ ವಿಜ್ಞಾನ ಬೇಕಿತ್ತು. ಅಂಕೋಲೆಯ ಕಾಲೇಜಿನಲ್ಲಿ ಪ್ರಾಕ್ಟಿಕಲ್ ಮುಗಿಯುವಷ್ಟರಲ್ಲಿ ನಮ್ಮೂರ ಬಸ್ಸು ಹೋಗಿರುತ್ತಿತ್ತು. ಸೈಕಲ್ ಇದ್ದರೆ ವಿಜ್ಞಾನ, ಇಲ್ಲದಿದ್ದರೆ ಇಲ್ಲ. ಅಪ್ಪ ಹಳೇ ಸಾಮಾನು ಕೂಡಿಸಿ ಒಂದು ಕಟ್ಟಿಕೊಡುತ್ತೇನೆಂದ. ಚೌಕಟ್ಟು ಬಂತು, ಗಾಲಿ ಬಂತು. ಆದರೆ ಹಲ್ಲಿನ ಚಕ್ರ ಯಾವುದು ತಂದರೂ ಅವನಿಗೆ ಸರಿಬರಲಿಲ್ಲ. ತೊಳೆಯುವುದು, ತಿರುಗಿಸುವುದು, ತಲೆಯಾಡಿಸುವುದು. "ಹಲ್ಲು ಸರಿ ಇಲ್ಲ ಮಗಾ." ಅರ್ಜಿಯ ಕೊನೇ ದಿನ ಹತ್ತಿರ ಬರುತ್ತಿತ್ತು.

ಕೊನೆಗೊಂದು ಮಧ್ಯಾಹ್ನ ಅವನು ಬದಿಗೆಸೆದ ಚಕ್ರವನ್ನು ನಾನೇ ಮತ್ತೆ ತಿಕ್ಕಿದೆ. ಒಂದೊಂದೇ ಹಲ್ಲಿನ ಮೇಲೆ ಬೆರಳಾಡಿಸಿದೆ. ಒಂದೂ ವಾಲಿರಲಿಲ್ಲ. ಊಟ ಮಾಡಿ ಕೂತಿದ್ದ ಅಪ್ಪನ ಮುಂದೆ ಇಟ್ಟೆ.

"ಇದರಲ್ಲಿ ಎಂತ ತಪ್ಪು ಅದೆ, ತೋರ್ಸು."

ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಅಷ್ಟರಲ್ಲಿ ರಸ್ತೆಯ ಮೇಲೆ ಲಾರಿ ಹೋಗಿ ಕಿಟಕಿ ಗಡಗಡ ಅಂದಿತು.

"ಚಕ್ರದಲ್ಲಿ ಎಂತದೂ ಇಲ್ಲ" ಎಂದ. "ಆ ಲಾರಿಗಳ ಮಧ್ಯೆ ನಿನ್ನ ಬಿಡೂಕೆ ನಂಗೆ ಧೈರ್ಯ ಸಾಲೂದಿಲ್ಲ."

ಅದನ್ನು ಹೇಳಿದವನೇ ಎದ್ದು ನಟ್ಟು ಬಿಗಿಯುವ ಪಾನಾ ಹುಡುಕಿದ. ಸಂಜೆಯೊಳಗೆ ಸೈಕಲ್ ಸಿದ್ಧವಾಗಿ ನಿಂತಿತು. ಈ ಹೊತ್ತು ನಾನು ಗಣಿತ ಹೇಳಿ ಉಣ್ಣುತ್ತಿರುವುದು ಆ ಸಂಜೆಯಿಂದಲೇ.

ಈಗ ಆಯಿ ಇಲ್ಲ. ಅಪ್ಪ ನಮ್ಮ ಜೊತೆ ಕಾರವಾರದಲ್ಲಿದ್ದಾನೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ಅವನಿಗೆ ಒಂದೇ ಹಟ: ಮೀನು ಮಾರ್ಕೆಟ್ಟಿಗೆ ಮೊದಲಿನ ಹಾಗೆ ತನ್ನ ಸೈಕಲ್ಲಿನಲ್ಲೇ ಹೋಗಬೇಕು. ಡಾಕ್ಟರು ಹೂಂ ಅಂದಿದ್ದಾರೆ. ನಾನೇ ಮಳೆಗಾಲದಿಂದ ನೆಪ ಹೇಳುತ್ತಿದ್ದೇನೆ. ಉಪ್ಪುಗಾಳಿಗೆ ಚೈನ್ ಹೋಗಿದೆ ಎಂದೆ. ಅವನು ಹೊಸ ಚೈನ್ ತರಿಸಿದಾಗ, ಹಳೇ ಹಲ್ಲಿನ ಮೇಲೆ ಹೊಸ ಚೈನ್ ಜಾರುತ್ತದೆ ಎಂದೆ. ಇದು ನಿಜ ಕೂಡ, ಹಲ್ಲು ಸವೆದಿದ್ದರೆ.

ಇವತ್ತು ಬೆಳಿಗ್ಗೆ ಫ್ರೀವೀಲನ್ನು ಡೀಸೆಲ್ಲಿನಿಂದ ತೆಗೆದು ಒರೆಸಿದೆ. ಹಲ್ಲುಗಳು ಗಟ್ಟಿ. ತಿರುಗಿಸಿದೆ. ಟಿಕ್ ಟಿಕ್, ಒಂದೂ ತಪ್ಪಲಿಲ್ಲ. ಆದರೂ ಅದನ್ನು ಗುಜರಿಯ ಚೀಲಕ್ಕೆ ಹಾಕಿ, "ಇದೂ ಹೋಯ್ತು ಅಪ್ಪಾ" ಎಂದೆ.

ಕುರ್ಚಿಯಲ್ಲಿದ್ದ ಅಪ್ಪ ಚೀಲಕ್ಕೆ ಕೈ ಹಾಕುತ್ತಾನೆ, ಕಿವಿಗೆ ಹಿಡಿಯುತ್ತಾನೆ, ನನ್ನ ಕಳ್ಳತನ ಬಯಲಾಗುತ್ತದೆ ಎಂದು ಕಾದೆ. ಅವನು ಅಲ್ಲಾಡಲಿಲ್ಲ.

"ನೀ ನೋಡಿದ್ಯಲ್ಲ, ಮತ್ತೆ ನಾ ಎಂತ ನೋಡೂದು" ಎಂದ. "ಸೈಕಲ್ ಗುಜರಿಗೇ ಕೊಟ್ಬಿಡು."

ಅಂಗಳದಲ್ಲಿ ಕೂತ ಅಷ್ಟು ರವಿವಾರಗಳಲ್ಲಿ ಒಮ್ಮೆಯೂ ನನ್ನ ಮಾತನ್ನು ಪರೀಕ್ಷಿಸದೆ ಒಪ್ಪಿದವನಲ್ಲ ಅವನು. ನಾನು ಚೀಲದಿಂದ ಫ್ರೀವೀಲನ್ನು ಹೊರತೆಗೆದೆ.

"ಇಲ್ಲ ಅಪ್ಪಾ. ಚಲೋನೇ ಅದೆ. ನಂಗೇ ಹೆದ್ರಿಕೆ."

"ಹೆದ್ರಿಕೆ ಇರ್ಲಿ" ಎಂದ ಅಪ್ಪ. "ಚೈನ್ ಹಾಕು."

ಫ್ರೀವೀಲ್ ಕೂರಿಸಿ ಚೈನ್ ಹಾಕಿದೆ. ಪೆಡಲ್ ತಿರುಗಿಸಿ, ಒಂದೊಂದು ಕೊಂಡಿಗೂ ಹನಿ ಎಣ್ಣೆ ಬಿಟ್ಟು, ಹೆಚ್ಚಾದದ್ದನ್ನು ಒರೆಸಿ, ಸೈಕಲ್ಲನ್ನು ಅವನ ಕೈಗೆ ಕೊಟ್ಟೆ. ಬಂಗಡೆ ತಾಜಾ ಇದ್ದರೆ ಮಾತ್ರ ತರುತ್ತೇನೆ ಎಂದು ಹೊರಟ. ಗೇಟಿನವರೆಗೆ ಹೋಗಿ ನೋಡಬೇಕೆಂದು ಕಾಲು ಎಳೆಯಿತು. ನಾನು ಹೋಗಲಿಲ್ಲ.