ಅಡುಗೆಮನೆ ಪಕ್ಕದ ಕೋಣೆಗೆ ಬರಬೇಕಿದ್ದ ಮೆಷಿನ್

ಹುಣಸೂರಿನಲ್ಲಿ ನಮ್ಮದು ಬೋರ್ಡು ಬರೆಯುವ ಅಂಗಡಿ. ಮುಂದೆ ಅಂಗಡಿ, ಹಿಂದೆ ಅಡುಗೆಮನೆ, ನಡುವೆ ಒಂದು ಕತ್ತಲೆ ಕೋಣೆ. ನನ್ನ ಗಂಡ ಅಕ್ಷರದ ಅಂಚು ಬರೆಯುತ್ತಿದ್ದರು, ಒಳಗೆ ಬಣ್ಣ ತುಂಬುವುದು ನನ್ನ ಪಾಲು. ಮೈದುನ ಮೊಪೆಡ್ಡಿನಲ್ಲಿ ಊರೂರು ತಿರುಗಿ ಕೆಲಸ ಹಿಡಿದು ತರುತ್ತಿದ್ದ. ಗೊಬ್ಬರದಂಗಡಿ, ಹೊಗೆಸೊಪ್ಪಿನ ಮಳಿಗೆ, ಶಾಲೆಯ ಗೋಡೆ, ಯಾವುದಾದರೂ ಸರಿ.

ಆಗ ಮೈಸೂರಿನಿಂದ ಫ್ಲೆಕ್ಸ್ ಬರತೊಡಗಿತ್ತು. ನಮ್ಮ ಬೀದಿಗೆ ಬಂದ ಮೊದಲನೆಯದು ಸಾವಿನದು. ಅಪಘಾತದಲ್ಲಿ ತೀರಿಕೊಂಡ ಟೆಂಪೋ ಡ್ರೈವರನ ಮುಖ, ಬಾಗಿಲಿನಷ್ಟು ದೊಡ್ಡದು. ಅವನು ಬದುಕಿದ್ದಾಗ ಅಷ್ಟು ಹತ್ತಿರದಿಂದ ನಾನವನನ್ನು ನೋಡಿರಲಿಲ್ಲ. ಶ್ರದ್ಧಾಂಜಲಿಯನ್ನು ಬಟ್ಟೆಯ ಮೇಲೆ ಬರೆದು ಒಣಗಿಸುವಷ್ಟರಲ್ಲಿ ನಮಗೆ ಮಾರನೆಯ ದಿನವಾಗುತ್ತಿತ್ತು. ಇದು ಹೆಣ ಎತ್ತುವ ಮೊದಲೇ ಬಂದು ಕಂಬಕ್ಕೆ ಕಟ್ಟಿಸಿಕೊಂಡಿತ್ತು.

"ಅಣ್ಣ, ಇನ್ ನಮ್ ಬ್ರಷ್ಷು ಯಾರ್ಗೂ ಬ್ಯಾಡ," ಅಂದ ಮೈದುನ. "ನಾವೇ ಒಂದ್ ಮೆಷಿನ್ ತಂದ್ಬುಡಾನ."

"ಮೊದ್ಲು ಒಂದ್ಸಾರಿ ನೋಡ್ಕಂಡ್ ಬರಾನ ತಡಿ," ಅಂದರು ಇವರು.

ಕೆ.ಆರ್. ನಗರದಲ್ಲಿ ಇವರ ಪರಿಚಯದವರೊಬ್ಬರು ಮೆಷಿನ್ ಹಾಕಿದ್ದರು. ಅಲ್ಲೇ ಹತ್ತಿರದ ಮಿರ್ಲೆ ನನ್ನ ತವರು. ನಾನಾಗ ಬಸುರಿ, ಹಾಗೇ ಅಮ್ಮನನ್ನು ನೋಡಿ ಬರಬಹುದೆಂದು ನಾನೂ ಹೊರಟೆ.

ಮೆಷಿನ್ ಇದ್ದ ಕೋಣೆಯ ಕಿಟಕಿಗಳನ್ನೆಲ್ಲ ಧೂಳು ಬರಬಾರದೆಂದು ಮುಚ್ಚಿ, ಸಂದಿಗೆ ಟೇಪು ಅಂಟಿಸಿದ್ದರು. ಎರಡು ಮಂಚ ಸೇರಿಸಿದಷ್ಟು ಉದ್ದದ ಮೆಷಿನ್. ಅದರ ಇಂಕು ಉಗುಳುವ ಹೆಡ್ಡು ಆ ತುದಿಯಿಂದ ಈ ತುದಿಗೆ ಓಡಾಡುತ್ತ ಒಬ್ಬ ಮದುಮಗನನ್ನು ನೆತ್ತಿಯಿಂದ ಕೆಳಗೆ ಬಿಡಿಸುತ್ತಿತ್ತು. ನಾನು ಟರ್ಪೆಂಟೈನಿನ ನಡುವೆಯೇ ಸಂಸಾರ ಮಾಡಿದವಳು. ಆದರೂ ಆ ಇಂಕಿನ ಸಿಹಿ ಸಿಹಿ ಘಾಟು ನಾಲಿಗೆಯ ಬುಡದಲ್ಲಿ ಕೂತುಬಿಟ್ಟಿತು. ಮೆಷಿನ್ನಿನ ಯಜಮಾನರ ಕಣ್ಣುಗಳು ಕೆಂಪಗಿದ್ದವು.

"ದಿನಾ ಓಡಿಸ್ಲೇಬೇಕು ಕಣ್ರೀ," ಅನ್ನುತ್ತಿದ್ದರು ಅವರು. "ಹಬ್ಬ ಅಂತ ನಿಲ್ಸಂಗಿಲ್ಲ. ನಿಲ್ಸುದ್ರೆ ಇಂಕ್ ಒಳಗೇ ಕಟ್ಕತದೆ."

ಅವರ ಹೆಂಡತಿ ನನ್ನನ್ನು ಒಳಗೆ ಕರೆದೊಯ್ದು ಕೂರಿಸಿದರು. ಮಾತಾಡುತ್ತಿದ್ದ ಹಾಗೆ ಸೀದ ವಾಸನೆ ಬಂತು. ಒಲೆಯ ಹತ್ತಿರವೇ ನಿಂತಿದ್ದ ಅವರು ಅಲುಗಲಿಲ್ಲ.

"ಅಕ್ಕ, ಸಾರು ಸೀಯ್ತಾ ಅದೆ," ಅಂದೆ.

ಅವರು ಬೆಚ್ಚಿ ಪಾತ್ರೆ ಇಳಿಸಿದರು. "ನಂಗೆ ಮೂಗೇ ಸತ್ತೋಗದೆ ಕಣವ್ವ. ಮೆಷಿನ್ ಬಂದ್ಮೇಲೆ ಮೊದ್ಲು ಮಲ್ಲಿಗೆ ಊವಿನ್ ವಾಸ್ನೆ ಓಯ್ತು. ಆಮೇಕೆ ಒಂದೊಂದಾಗಿ ಎಲ್ಲಾ." ನನ್ನ ಹೊಟ್ಟೆ ನೋಡಿ ದನಿ ತಗ್ಗಿಸಿದರು. "ನೀನು ಆ ರೂಮ್ಗೆ ಇನ್ನೊಂದ್ಸಾರಿ ಕಾಲಿಡ್ಬ್ಯಾಡ."

ಮನೆಗೆ ಬಂದು ಅಣ್ಣ ತಮ್ಮ ನಡುಕೋಣೆಗೆ ಅಳತೆಯ ಟೇಪು ಹಿಡಿದರು. ಮೆಷಿನ್ ಹಿಡಿಸುತ್ತಿತ್ತು. ಅಡುಗೆಮನೆಯ ಬಾಗಿಲೊಂದನ್ನು ಮುಚ್ಚಿಬಿಟ್ಟರೆ ಆಯಿತು ಅಂದ ಮೈದುನ. ನಾನು ಆ ಹೆಂಗಸು ಹೇಳಿದ್ದನ್ನು ಹೇಳಿದೆ.

"ಪೇಂಟ್ ವಾಸ್ನೇಲೇ ಬದುಕ್ತಿಲ್ವಾ ಅತ್ಗೆ ನಾವು?"

"ಅದು ಬಾಗ್ಲು ತಗ್ದು ಮಾಡೋ ಕೆಲ್ಸ. ಇದು ಬಾಗ್ಲು ಮುಚ್ಕಂಡ್ ಮಾಡೋದು."

ಇವರು ಟೇಪು ಸುತ್ತುತ್ತ, "ಈ ಮನೇಲಿ ಬ್ಯಾಡ ಬುಡು," ಅಂದರು.

ಮೈದುನ ಅವತ್ತು ಊಟ ಮಾಡಲಿಲ್ಲ. ತಿಂಗಳೊಳಗೆ ಹೆಂಡತಿಯ ಊರಾದ ಪಿರಿಯಾಪಟ್ಟಣಕ್ಕೆ ಹೋಗಿ, ಭಾವಮೈದನ ಜೊತೆ ಸೇರಿ ತಾನೇ ಮೆಷಿನ್ ಹಾಕಿದ, ತಾವಿದ್ದ ಮನೆಯ ಮಗ್ಗುಲಲ್ಲೇ. ಅಲ್ಲಿಂದ ಬಂದ ಫ್ಲೆಕ್ಸುಗಳು ಇವರು ಬರೆದ ಬೋರ್ಡುಗಳ ಮೇಲೆಯೇ ಒಂದೊಂದಾಗಿ ಏರತೊಡಗಿದವು. ಬೆಳಿಗ್ಗೆ ಹಾಲು ತರಲು ಹೋದರೆ, ನಿನ್ನೆಯವರೆಗೆ ಇದ್ದ ನಮ್ಮ ಅಕ್ಷರ ಇವತ್ತು ಇರುತ್ತಿರಲಿಲ್ಲ. ಕೆಲಸವಿಲ್ಲದಿದ್ದರೂ ಇವರು ಬ್ರಷ್ಷುಗಳನ್ನು ತೊಳೆದಿಡುತ್ತಿದ್ದರು.

ಮಗು ಹುಟ್ಟಿದ ಮೇಲೆ ಮೈದುನ ಮುನಿಸು ಬಿಟ್ಟು ನೋಡಲು ಬಂದ. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಆಡಿಸುತ್ತಿದ್ದಾಗ ಅದು ಬಟ್ಟೆಯಲ್ಲೇ ಕಕ್ಕ ಮಾಡಿತು. ನಮಗೆಲ್ಲ ಗೊತ್ತಾಯಿತು. ಅವನೊಬ್ಬ ಹಾಗೇ ಆಡಿಸುತ್ತಲೇ ಇದ್ದ. ಎಲ್ಲರೂ ನಕ್ಕೆವು. ನಗುತ್ತಿದ್ದವಳು ನಾನು ತಟ್ಟನೆ ನಿಲ್ಲಿಸಿದೆ.

"ಡಾಕ್ಟ್ರಿಗೆ ಮೂಗ್ ತೋರ್ಸಪ್ಪ," ಅಂದೆ.

"ನೆಗ್ಡಿ ಅಷ್ಟೇಯ ಅತ್ಗೆ, ಓಯ್ತದೆ."

ಆ ಬೇಸಿಗೆಯಲ್ಲೇ ಅದು ನಡೆದದ್ದು. ಓರಗಿತ್ತಿ ಅದೇ ಊರಿನಲ್ಲಿದ್ದ ತಾಯಿಯ ಮನೆಗೆ ಹೋಗಿದ್ದಳು. ಅವಳಿಲ್ಲದಾಗ ಇಲಿ ಗ್ಯಾಸಿನ ಟ್ಯೂಬು ಕಡಿದಿತ್ತು. ಮುಸ್ಸಂಜೆಗೆ ಅವಳು ವಾಪಸು ಬರುವಾಗ ಕರೆಂಟ್ ಇರಲಿಲ್ಲ, ಗೇಟಿನ ಹತ್ತಿರವೇ ಗ್ಯಾಸಿನ ನಾತ ಬಡಿಯಿತಂತೆ. ಒಳಗೆ ನೋಡಿದರೆ ಮೈದುನ ದೀಪ ಹಚ್ಚಲು ಬೆಂಕಿಪೊಟ್ಟಣ ತೆಗೆದು ಕಡ್ಡಿ ಹಿಡಿದಿದ್ದಾನೆ.

"ಗೀರ್ಬ್ಯಾಡಿ!" ಎಂದು ಅವಳು ಕಿರುಚಿದಳು. ಅವನು ಹಾವು ಬಂತೆಂದುಕೊಂಡು ಪೊಟ್ಟಣ ಬಿಸಾಕಿ ಹೊರಗೆ ಓಡಿ ಬಂದನಂತೆ.

ಮಾರನೆಯ ದಿನ ನಾವು ಹೋದಾಗ ಅವನು ಜಗಲಿಯ ಮೇಲೆ ಕೂತಿದ್ದ. "ನಂಗೇನೂ ಗೊತ್ತಾಗ್ನಿಲ್ಲ ಕಣಣ್ಣ," ಅಂದ. "ಅರ್ಧ ಗಂಟೆಯಿಂದ ಒಳ್ಗೇ ಇದ್ದೆ. ಏನೂ ಗೊತ್ತಾಗ್ನಿಲ್ಲ." ಇವರು ಪಕ್ಕದಲ್ಲಿ ಕೂತು ಅವನ ಬೆನ್ನ ಮೇಲೆ ಕೈಯಿಟ್ಟರು. ಅಣ್ಣ ತಮ್ಮ ಹಾಗೆ ಕೂತದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಮೈಸೂರಿನ ಡಾಕ್ಟರು, ಮೆಷಿನ್ನಿನಿಂದ ದೂರವಿದ್ದರೆ ವಾಸನೆ ಸ್ವಲ್ಪ ತಿರುಗಿ ಬಂದರೂ ಬರಬಹುದು, ಹೇಳಲಾಗದು ಅಂದರು. ಮೈದುನ ಮೆಷಿನ್ನನ್ನು ಊರಾಚೆಯ ತಗಡಿನ ಶೆಡ್ಡಿಗೆ ಸಾಗಿಸಿ, ಗಾಳಿ ಹೊರಕ್ಕೆಳೆಯುವ ದೊಡ್ಡ ಫ್ಯಾನು ಹಾಕಿಸಿ, ಓಡಿಸಲು ಸಂಬಳಕ್ಕೆ ಒಬ್ಬರನ್ನಿಟ್ಟ. ಇವರು ಕಂಪ್ಯೂಟರ್ ಕಲಿತು ಡಿಸೈನ್ ಮಾಡತೊಡಗಿದರು. ಸಿ.ಡಿ.ಯನ್ನು ಬಸ್ಸಿನ ಕಂಡಕ್ಟರ್ ಕೈಲಿ ಕಳಿಸಿದರೆ ಸಂಜೆಗೆ ಫ್ಲೆಕ್ಸ್ ಬರುತ್ತಿತ್ತು. ಹೀಗೆ ಆ ಮೆಷಿನ್ನೇ ನಮಗೂ ಅನ್ನ ಹಾಕಿತು. ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಒಮ್ಮೆ ಫ್ಲೆಕ್ಸ್ ತರಲು ನಾನೇ ಆ ಶೆಡ್ಡಿಗೆ ಹೋಗಿದ್ದೆ. ಕೆಲಸದವರು ಮೂರು ಮಕ್ಕಳ ತಂದೆ, ಮೊದಲು ಎಚ್.ಡಿ. ಕೋಟೆಯಲ್ಲಿ ನಮ್ಮ ಹಾಗೆಯೇ ಗೋಡೆ ಬರೆಯುತ್ತಿದ್ದವರು. ಒಳಗೆ ಆ ಸಿಹಿ ಘಾಟು ಗಟ್ಟಿಯಾಗಿ ನಿಂತಿತ್ತು, ಫ್ಯಾನು ತಿರುಗುತ್ತಿರಲಿಲ್ಲ.

"ಫ್ಯಾನ್ ಯಾಕ್ ಆರ್ಸಿದ್ದೀರಿ?" ಅಂದೆ.

"ಆಕುದ್ರೆ ಬಾಗ್ಲಿಂದ ಧೂಳು ನುಗ್ತದೆ ಕಣಕ್ಕ, ಪ್ರಿಂಟ್ ಕೆಡ್ತದೆ. ನಂಗೇನ್ ಅಷ್ಟ್ ವಾಸ್ನೆ ಬರಾಕಿಲ್ಲ."

ನಾನೇ ಹೋಗಿ ಸ್ವಿಚ್ಚು ಹಾಕಿದೆ. ಫ್ಲೆಕ್ಸಿನ ಸುರುಳಿ ಹೊತ್ತು ಗೇಟು ದಾಟುವಷ್ಟರಲ್ಲಿ ಹಿಂದೆ ಫ್ಯಾನಿನ ಸದ್ದು ನಿಂತಿತು.