ಗಂಧ ಹತ್ತದ ಗೋಡೆ

ಪಿನ್ನರ್‌ನ ಈ ಮನೆಗೆ ಬಂದ ಹೊಸತರಲ್ಲಿ ಇಂಗ್ಲಿಷ್ ಪೇಂಟರ್ ಒಬ್ಬ ಅಡುಗೆಮನೆಯ ಗೋಡೆಗೆ ಹೊಳಪಿನ ಬಣ್ಣ ಬೇಕೋ, ಹೊಳಪಿಲ್ಲದ ಮ್ಯಾಟ್ ಬೇಕೋ ಎಂದು ಕೇಳಿದ. ಅವನ ಮಾತು ಮುಗಿಯುವ ಮೊದಲೇ ಮ್ಯಾಟ್ ಎಂದೆ. ನೀವು ಎಣ್ಣೆ, ಅರಿಸಿನದ ಅಡುಗೆ ಮಾಡುವವರು, ಒರೆಸಿದರೆ ಕಲೆ ಹೋಗುವುದಿಲ್ಲ ಎಂದು ಬುದ್ಧಿ ಹೇಳಿದ. ಹೋಗದಿದ್ದರೆ ಇರಲಿ ಬಿಡಪ್ಪ ಎಂದು ಕನ್ನಡದಲ್ಲೇ ಗೊಣಗಿಕೊಂಡೆ. ಆ ಪಾಠ ನಾನು ಕಲಿತದ್ದು ತೊಂಬತ್ತರ ದಶಕದಲ್ಲಿ, ಈಸ್ಟ್ ಹ್ಯಾಮ್‌ನ ಫ್ಲ್ಯಾಟಿನಲ್ಲಿ.

ಆ ಫ್ಲ್ಯಾಟಿನ ಅಡುಗೆಮನೆಯನ್ನು ಅಡುಗೆಮನೆ ಎಂದು ಕರೆದರೆ ಅದಕ್ಕೇ ನಾಚಿಕೆಯಾಗಬೇಕು. ಫ್ರಿಜ್ಜಿನ ಬಾಗಿಲು ತೆಗೆದರೆ ಒಲೆಯ ಮುಂದೆ ನಿಂತವರು ಹೊರಗೆ ಹೋಗಬೇಕು. ವಾಷಿಂಗ್ ಮಷಿನ್ನೂ ಅಲ್ಲೇ. ಅದು ಜೋರಾಗಿ ತಿರುಗತೊಡಗಿದರೆ ಮೇಲಿನ ಸಾಸಿವೆ, ಮೆಂತ್ಯದ ಡಬ್ಬಿಗಳೆಲ್ಲ ಗಡಗಡ ನಡುಗುತ್ತಿದ್ದವು. ಆದರೂ ಈಗಲೂ ಕನಸಿನಲ್ಲಿ ನಾನು ಸಾರು ಕುದಿಸುವುದು ಅಲ್ಲೇ. ಬಾಡಿಗೆ ಕೋಣೆಗಳಲ್ಲಿ ಕಂಡವರ ಒಲೆಯ ಮೇಲೆ ಬೇಯಿಸಿ ಸಾಕಾಗಿದ್ದವಳಿಗೆ ಅದು ಮೊದಲ ಸ್ವಂತ ಒಲೆ. ಆ ಫ್ಲ್ಯಾಟ್ ಕೊಂಡ ಬೇಸಿಗೆಯಲ್ಲೇ ನಾನೂ ನನ್ನ ಗಂಡನೂ ಎರಡು ಭಾನುವಾರ ಸೊಂಟ ಮುರಿದುಕೊಂಡು ಬಿಳಿಯ ಮ್ಯಾಟ್ ಬಣ್ಣ ಹೊಡೆದೆವು. ಸುಣ್ಣ ಬಳಿದ ಗೋಡೆಯ ಹಾಗೆ ಕಾಣುತ್ತಿತ್ತು. ದಿನಕ್ಕೆ ನಾಲ್ಕು ಸಲ ಹೋಗಿ ನೋಡಿ ಬರುತ್ತಿದ್ದೆ.

ಅದೇ ವಾರ ಧಾರವಾಡದಿಂದ ನಮ್ಮ ಅವ್ವ ಬಂದಳು. ಮೊದಲ ವಿಮಾನ, ಮೊದಲ ಪರದೇಶ. ಇಲ್ಲಿ ಬೇಸಿಗೆಯಾದರೂ ನಮ್ಮ ಪಂಚಾಂಗದಲ್ಲಿ ಶ್ರಾವಣ ಹಿಡಿದಿತ್ತು. ಶುಕ್ರವಾರ ನಾನು ಕೆಲಸ ಮುಗಿಸಿ, ಟ್ಯೂಬ್ ರೈಲಿನಲ್ಲಿ ಬಾರ್ಕಿಂಗ್ ಕಡೆಗೆ ಹೋಗುವ ಜನರ ಮಧ್ಯೆ ಜಜ್ಜಿಹೋಗಿ ಮನೆಗೆ ಬಂದರೆ, ಒಲೆಯ ಪಕ್ಕದ ಗೋಡೆಯ ಮೇಲೆ ಅವ್ವ ಜೀವಂತಿಯನ್ನು ಬರೆದಿದ್ದಳು. ಮಕ್ಕಳನ್ನು ಕಾಯುವ ತಾಯಿ ಎಂದು ನಮ್ಮ ಕಡೆ ಶ್ರಾವಣದ ಶುಕ್ರವಾರ ಪೂಜಿಸುವ ದೇವಿ ಅವಳು. ಗಂಧ, ಅರಿಸಿನ ಕಲಸಿ ಬೆರಳಿನಿಂದಲೇ ಬರೆದ ಮುಖ, ಕೈ, ಸುತ್ತ ನಾಲ್ಕು ಮಕ್ಕಳು. ಕೆಳಗೆ ಒಂದು ತಟ್ಟೆಯಲ್ಲಿ ಪುಟಾಣಿ ಕಡಲೆ, ಸಕ್ಕರೆ, ಹಿಟ್ಟಿನ ಆರತಿ. ಆರತಿ ಇನ್ನೂ ಹಚ್ಚಿರಲಿಲ್ಲ. ನನಗಾಗಿ ಕಾಯುತ್ತಿದ್ದಳಂತೆ.

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಮುಚ್ಚಿಡುವುದೇಕೆ. ಚಪ್ಪಲಿ ಬಿಡುವ ಮೊದಲೇ ಶುರುಮಾಡಿದೆ.

“ಏನ್ ಮಾಡೀದಿ ಇದು? ಬಣ್ಣ ಹಚ್ಚಿ ಎಂಟ ದಿನಾ ಆಗಿಲ್ಲ. ಇದೇನ ಧಾರವಾಡದ ಮನಿ ಅಂತ ತಿಳಕೊಂಡೀಯೇನು? ಇಲ್ಲೆ ಗ್ವಾಡಿ ಮ್ಯಾಲೆ ಯಾರೂ ಗೀಚಂಗಿಲ್ಲ.”

ಗೀಚುವುದು ಎಂದೆ, ಪೂಜೆಗೆ ಬರೆದದ್ದನ್ನು. ಅವ್ವ ಅರಿವೆ ಒದ್ದೆಮಾಡಿಕೊಂಡು ಬಂದು ತಾನೇ ಒರೆಸತೊಡಗಿದಳು. ಮ್ಯಾಟ್ ಗೋಡೆ ಅರಿಸಿನವನ್ನು ಕುಡಿದುಬಿಟ್ಟಿತ್ತು. ಒರೆಸಿದಷ್ಟೂ ಹಳದಿ ಹರಡಿ ತಟ್ಟೆಯಷ್ಟಗಲವಾಯಿತು. ಸಾಕು ಬಿಡು ಎಂದು ಹೇಳುವಷ್ಟು ಬುದ್ಧಿಯೂ ನನಗಿರಲಿಲ್ಲ. ಆರತಿ ಹಚ್ಚದೆಯೇ ಅವ್ವ ಪುಟಾಣಿ, ಸಕ್ಕರೆಯನ್ನು ಡಬ್ಬಿಗೆ ಸುರಿದಿಟ್ಟಳು.

ಉಳಿದ ದಿನಗಳನ್ನು ಅವಳು ನೆಂಟರಂತೆ ಕಳೆದಳು. ಒಗ್ಗರಣೆ ಹಾಕುವಾಗ ಗೋಡೆಗೆ ಹಳೆಯ ಪೇಪರ್ ಅಡ್ಡ ಹಿಡಿಯುತ್ತಿದ್ದಳು. ಹೋದ ಮೇಲೆ ಎರಡು ಬೇಸಿಗೆ ಕರೆದೆ. ಮೊಣಕಾಲು ನೋವು ಅಂದಳು, ಅಷ್ಟು ದೂರ ಕೂತು ಬರಲಾಗದು ಅಂದಳು. ಅದೇ ಮೊಣಕಾಲಿನಲ್ಲಿ ಪಂಢರಪುರಕ್ಕೆ ಹೋಗಿಬಂದ ಸುದ್ದಿ ನನಗೆ ಬೇರೆ ಕಡೆಯಿಂದ ಗೊತ್ತಾಯಿತು. ಅವ್ವ ಇನ್ನು ನನ್ನ ಮನೆಗೆ ಬರುವುದೇ ಇಲ್ಲವೇನೋ ಎಂದು ಹೆದರಿಕೆ ಹುಟ್ಟಿತು. ತಪ್ಪಾಯಿತು ಎಂದು ಒಂದು ಸಲ ಫೋನಿನಲ್ಲಿ ಹೇಳಿದ್ದರೆ ಮುಗಿಯುತ್ತಿತ್ತು. ಆ ಮಾತು ನನ್ನ ಬಾಯಿಗೆ ಬರಲಿಲ್ಲ. ಅದರ ಬದಲು ಅಡುಗೆಮನೆಗೆ ಮತ್ತೆ ಬಣ್ಣ ಹೊಡೆಸಲು ಹೊರಟೆ.

ಬಣ್ಣದ ಅಂಗಡಿಯಲ್ಲಿ ನನಗೂ ನನ್ನ ಗಂಡನಿಗೂ ದೊಡ್ಡ ವಾದ. ಅವರು ಮೈಸೂರಿನವರು, ಎಲ್ಲದರಲ್ಲೂ ಮಧ್ಯಮ ಮಾರ್ಗ.

“ನಮ್ ಗೋಡೆ ಪೂರ್ತಿ ಅಂಕುಡೊಂಕು ಕಣೇ. ಹೊಳಪು ಜಾಸ್ತಿಯಾದ್ರೆ ಒಂದೊಂದು ಗುಂಡಿನೂ ಎದ್ದು ಕಾಣತ್ತೆ. ಈ ಎಗ್‌ಶೆಲ್ ತಗೊಳ್ಳೋಣ, ಸ್ವಲ್ಪ ಹೊಳೆಯತ್ತೆ, ಸ್ವಲ್ಪ ಇಲ್ಲ.”

ಅಂಗಡಿಯವನೂ ಅವರ ಪರ. ಚಿಕ್ಕ ಅಡುಗೆಮನೆಗೆ ಅದೇ ಸರಿ ಎಂದ. ನಾನು ಕೇಳಲಿಲ್ಲ. ಬಾಗಿಲು, ಕಿಟಕಿಗಳಿಗೆ ಹೊಡೆಯುವ, ಕನ್ನಡಿಯ ಹಾಗೆ ಹೊಳೆಯುವ ಎಣ್ಣೆಬಣ್ಣವೇ ಬೇಕೆಂದು ಹಟ ಹಿಡಿದೆ. ಅರಿಸಿನವೋ ಎಣ್ಣೆಯೋ, ಏನು ಬಿದ್ದರೂ ಒಂದು ಸಲ ಒರೆಸಿದರೆ ಹೋಗಬೇಕು. ಅವ್ವ ಹೆದರದೆ ಬರೆಯಬೇಕು. ಬಣ್ಣ ಒಣಗಿದ ದಿನವೇ ಫೋನ್ ಮಾಡಿದೆ.

“ಅವ್ವಾ, ಈಗ ಗ್ವಾಡಿ ಮ್ಯಾಲೆ ಏನ ಬೇಕಾದ್ರೂ ಬರಿ. ಒರಸಿದ್ರ ಹೋಗತದ.”

ಅವ್ವ “ಹೌದಾ? ಛೊಲೋ ಆತು” ಅಂದಳು. ಮುಂದಿನ ಆಷಾಢದಲ್ಲಿ ಬಂದಳು.

ಶ್ರಾವಣದ ಮೊದಲ ಶುಕ್ರವಾರ ನಾನು ರಜೆ ಹಾಕಿದೆ. ಅವ್ವ ಗಂಧ ತೇಯ್ದಳು, ಅರಿಸಿನ ಕಲಸಿದಳು, ಬೆರಳು ಅದ್ದಿ ಗೋಡೆಗೆ ಹಚ್ಚಿದಳು. ಗಂಧ ನಿಲ್ಲಲಿಲ್ಲ. ಹನಿಹನಿಯಾಗಿ ಒಡೆದು ಕೆಳಗೆ ಜಾರಿತು. ಗಟ್ಟಿಯಾಗಿ ತೇಯ್ದು ಮತ್ತೆ ಹಚ್ಚಿದಳು. ದೇವಿಯ ಹಣೆಯೇ ಕರಗಿ ಗಲ್ಲಕ್ಕೆ ಇಳಿಯಿತು. ಮೂರನೆಯ ಸಲಕ್ಕೆ ಕೈ ಕೆಳಗಿಳಿಸಿದಳು.

“ಒರಸಿದ್ರ ಹೋಗತದ ಅಂದಿ ಖರೆ. ಹಚ್ಚಿದ್ರ ಹತ್ತೂದಿಲ್ಲಲ್ಲವಾ.”

ಒಂದಿಷ್ಟೂ ಕೊಂಕಿಲ್ಲದೆ ಹೇಳಿದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಅಂಗಡಿಯಲ್ಲಿ ಅಷ್ಟು ಹೊತ್ತು ನಿಂತು ನಾನು ಯೋಚಿಸಿದ್ದು ಒರೆಸುವುದನ್ನು ಮಾತ್ರ. ಬೀರುವಿನಿಂದ ಗಂಡನ ಉಪ್ಪುಕಾಗದ ತಂದು, ಒಲೆಯ ಪಕ್ಕದ ಗೋಡೆಯನ್ನು ಗಸಗಸ ಉಜ್ಜತೊಡಗಿದೆ. ಅವ್ವ ನನ್ನ ರಟ್ಟೆ ಹಿಡಿದಳು.

“ಬಿಡ ನಮ್ಮವ್ವ, ಹೊಸಾ ಬಣ್ಣ. ಹಾಳೀ ಮ್ಯಾಲೆ ಬರದು ಹಚ್ಚೂಣು.”

“ಹಾಳೀ ಬ್ಯಾಡ. ಗ್ವಾಡಿ ಮ್ಯಾಲೇ ಬರಿ. ಅವತ್ತ ನಾ ಹಂಗ ಅನ್ನಬಾರದಿತ್ತು. ತಪ್ಪಾತು.”

ಮೂರು ವರ್ಷ ಬಾಯಿಗೆ ಬಾರದ ಮಾತು ಉಜ್ಜುವ ಭರದಲ್ಲಿ ಹೊರಗೆ ಬಂತು. ಅವ್ವ ಕೈ ಬಿಟ್ಟಳು. ಹೊಳಪು ಹೋಗಿ ಗೋಡೆ ತರಿತರಿಯಾಗುವವರೆಗೆ ಉಜ್ಜಿದೆ. ಅವಳು ಸೆರಗಿನಿಂದ ಪುಡಿ ಒರೆಸಿ ಬರೆದಳು. ಗಂಧ ನಿಂತಿತು.

ಪೂಜೆ ಮುಗಿದು ಆರತಿಯಾಯಿತು. ಕೊನೆಗೆ ತಾಯಂದಿರು ಅಕ್ಷತೆ ಹಾಕಬೇಕು. ಹತ್ತಿರವಿರುವ ಮಕ್ಕಳಿಗೆ ತಲೆಯ ಮೇಲೆ, ದೂರವಿರುವವರಿಗೆ ಅವರಿರುವ ದಿಕ್ಕಿಗೆ. ಅವ್ವ ಮುಷ್ಟಿಯಲ್ಲಿ ಅಕ್ಷತೆ ಹಿಡಿದು, ಅಭ್ಯಾಸಬಲದಿಂದ ನನಗೆ ಬೆನ್ನು ಮಾಡಿ ಪಡುವಣದ ಕಿಟಕಿಯ ಕಡೆ ಕೈ ಎತ್ತಿದಳು. ಎತ್ತಿದವಳು ಹಾಗೇ ನಿಂತಳು. ಆಮೇಲೆ ತಿರುಗಿದಳು.

“ನೀ ಈ ದೇಶಕ್ಕ ಬಂದಾಗಿಂದ ಪಡುವಣಕ್ಕ ಮುಖಾ ಮಾಡಿ ಒಗೀತಿದ್ದೆ,” ಅಂದಳು. “ಮುಟ್ಟತಾವೋ ಇಲ್ಲೋ ಅಂತ ಅನಸ್ತಿತ್ತು. ಅವತ್ತ ನಿನ್ನ ತಲೀ ಮ್ಯಾಲೇ ಹಾಕಬೇಕಂತ ಕಾಯಕೋತ ನಿಂತಿದ್ದೆ.”

ನಾನು ತಲೆ ಬಗ್ಗಿಸಿದೆ. ಬಗ್ಗಿಸಲು ಅಲ್ಲಿ ಜಾಗವಿರಲಿಲ್ಲ, ಹಣೆ ಅವಳ ಹೆಗಲಿಗೇ ತಾಗಿತು. ಅವಳು ಅಕ್ಷತೆ ಹಾಕಿದಳು, ನಾನು ಅತ್ತುಬಿಟ್ಟೆ.